ಕಣಿಕೆ ಗುಡಿಸಲಿನ ಲಿಂಬೆ ಗಿಡಗಳು

ಇಬ್ಬನಿಯಲ್ಲಿ ನೆನೆದ ಕಣಿಕೆಗೆ ಒಂದು ವಾಸನೆ ಇದೆ. ಜೋಳದ ದಂಟು ಒಣಗಿ ಕಣಿಕೆಯಾದ ಮೇಲೂ ಒಳಗೆಲ್ಲೋ ಸ್ವಲ್ಪ ಸಿಹಿ ಉಳಿದಿರುತ್ತದೆ. ತೊಯ್ದಾಗ ಅದು ಹೊರಗೆ ಬರುತ್ತದೆ. ಇವತ್ತು ಬೆಳಿಗ್ಗೆ ಎಮ್ಮೆಗೆ ಹಾಕಲೆಂದು ಒಂದು ಸಿವುಡು, ಅಂದರೆ ಒಂದು ಸಣ್ಣ ಕಟ್ಟು, ಎಳೆದೆ; ಮೂಗಿಗೆ ಅದೇ ಬಡಿಯಿತು. ಕೈ ಹಾಗೇ ನಿಂತಿತು. ಬಾಜೂ ಹೊಲದ ಆಯಿ ನೆನಪಾದಳು...

ಮಕ್ಕಳೇ, ಅದಕ್ಕೇ ಈ ಕಾಗದ. ನೀವು ಆಕೆಯನ್ನು ನೋಡಿಲ್ಲ. ಆಕೆ ನಮಗೆ ಬಳಗವಲ್ಲ. ನಮ್ಮ ಹೊಲಕ್ಕೂ ಆಕೆಯ ಹೊಲಕ್ಕೂ ನಡುವೆ ಒಂದು ಬದು, ಅಷ್ಟೇ. ಆಳಂದ ಕಡೆಯ ಹೆಣ್ಣು, ಜಿಡಗಾದ ಹತ್ತಿರ ತವರು. ಬಾಯಲ್ಲಿ ಯಾವಾಗಲೂ ತಂಬಾಕು, ಮಾತು ಅದಕ್ಕಿಂತ ಖಾರ. ಈಗ ನೀವು ನನ್ನನ್ನು ಕರೆಯುವಂತೆ ಆಗ ನಾವೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದೆವು.

ಅಫಜಲಪುರ ಅಂದರೆ ಬರೀ ಬಿಸಿಲು ಎಂದು ಎಲ್ಲರೂ ತಿಳಿದಿದ್ದಾರೆ. ಬೇಸಿಗೆ ರಜೆಗೆ ಮಾತ್ರ ಬಂದುಹೋಗುವ ನೀವೂ ಹಾಗೇ ತಿಳಿದಿದ್ದೀರಿ. ಎಳ್ಳಮಾವಾಸ್ಯೆಯ ದಿನಗಳಲ್ಲಿ ಬಂದು, ಹಳ್ಳದ ದಂಡೆಯ ನಮ್ಮ ತಗ್ಗಿನ ಹೊಲದಲ್ಲಿ ನಸುಕಿನಲ್ಲಿ ನಿಂತರೆ ಗೊತ್ತಾಗುತ್ತದೆ. ಚಳಿಯೂ ನೀರಿನಂತೆ; ಇಳಿಜಾರು ಹುಡುಕಿಕೊಂಡು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಆ ತಗ್ಗಿನಲ್ಲಿಯೇ ನನ್ನ ಯಜಮಾನರು, ನೀವು ಫೋಟೋದಲ್ಲಿ ಮಾತ್ರ ಕಂಡ ನಿಮ್ಮ ಮುತ್ಯಾ, ಲಿಂಬೆ ಸಸಿ ನೆಟ್ಟಿದ್ದರು. ನೆಟ್ಟ ಮಳೆಗಾಲ ಮುಗಿಯುವುದರೊಳಗೆ ತಾವೇ ಹೋಗಿಬಿಟ್ಟರು.

ನನ್ನ ಭಾವ, ಅಂದರೆ ಅವರ ಅಣ್ಣ, ಕೆಟ್ಟವರಲ್ಲ. "ತಗ್ಗಿನ್ಯಾಗ ಲಿಂಬಿ ಬದುಕಂಗಿಲ್ಲ. ಶಿವರಾತ್ರಿ ತನಕ ನೋಡ್ತೀನಿ. ಹೋದ್ರ ಕಬ್ಬ ಹಚ್ಚಿಬಿಡ್ತೀನಿ. ಸಕ್ಕರಿ ಕಾರ್ಖಾನಿ ಕಡಿಂದ ಮಂದಿ ಬಂದು ತಾವೇ ಕಡ್ಕೊಂಡು ಹೋಗ್ತಾರ. ಆಕಿ ಮನ್ಯಾಗ ಆರಾಮ ಇರ್ಲಿ," ಎಂದು ನನ್ನ ಅತ್ತೆಯ ಮುಂದೆ ಹೇಳಿದರು. ನನಗೆ ನೇರವಾಗಿ ಹೇಳುವ ಪದ್ಧತಿ ಇರಲಿಲ್ಲ. ಭಾವ ಎದುರಾದರೆ ತಮ್ಮನ ಹೆಂಡತಿ ಸೆರಗು ಹೊದ್ದು ಬದಿಗೆ ಸರಿಯಬೇಕು, ಮಾತಾಡಬಾರದು. ಆದರೆ ಆ ಆರಾಮ ಎಂದರೆ ಏನೆಂದು ನನಗೆ ತಿಳಿದಿತ್ತು. ಕಬ್ಬು ಬಂದರೆ ನನಗೆ ಹೊಲದಲ್ಲಿ ಕೆಲಸವಿಲ್ಲ; ಕೆಲಸವಿಲ್ಲದಿದ್ದರೆ ಹೊಸ್ತಿಲು ದಾಟಲು ನೆವವೂ ಇಲ್ಲ. ನಿಮ್ಮ ಅವ್ವನನ್ನು ಸೊಂಟದ ಮೇಲೆ ಹೊತ್ತುಕೊಂಡು ಉಳಿದ ಆಯುಷ್ಯವೆಲ್ಲ ಒಳಮನೆಯಲ್ಲಿ... ಆ ಸಸಿಗಳು ಉಳಿಯಲೇಬೇಕಿತ್ತು.

ಮೊದಲ ಚಳಿಗೇ ಎಲೆ ಮುರುಟಿದವು. ನಾನು ಯಜಮಾನರ ಹಳೆಯ ಧೋತರ ಹರಿದು, ಕೂಸಿಗೆ ಕುಂಚಿಗೆ ಕಟ್ಟಿದ ಹಾಗೆ ಒಂದೊಂದು ಸಸಿಗೂ ಬುಡದಿಂದ ತುದಿಯವರೆಗೆ ಬಿಗಿಯಾಗಿ ಸುತ್ತಿದೆ. ಇಬ್ಬನಿಗೆ ಬಟ್ಟೆ ತೊಯ್ದು ಎಲೆಗೆ ಅಂಟಿತು. ಎಲೆ ಇನ್ನಷ್ಟು ಕಪ್ಪಾದವು. ಬದುವಿನ ಮೇಲಿಂದ ಆಯಿ ನೋಡಿದಳು.

"ಯಾಕ ಬೇ, ಗಿಡಕ್ಕ ಕಫನ ಉಡಿಸೀಯೇನು?"

ಹೆಣದ ಬಟ್ಟೆಯ ಮಾತು ಕೇಳಿ ನಾನು ಅತ್ತುಬಿಟ್ಟೆ. "ಆಮ್ಯಾಲ ಅಳುವಂತಿ. ಮದ್ಲ ಇದನ್ನ ಬಿಚ್ಚು," ಎಂದು ತಾನೇ ಕೂತು ಗಂಟು ಬಿಚ್ಚತೊಡಗಿದಳು. ಹಗಲಿನ ಬಿಸಿಲು ನೆಲಕ್ಕೆ ಬೀಳಬೇಕು, ರಾತ್ರಿ ನೆಲವೇ ಅದನ್ನು ಗಿಡಕ್ಕೆ ಕೊಡುತ್ತದೆ ಎಂದಳು. ಬುಡದ ಕಸ ತೆಗೆಸಿ, ಮಧ್ಯಾಹ್ನದ ಹೊತ್ತು ಸ್ವಲ್ಪ ನೀರು ಬಿಡಿಸಿದಳು. ಒಣ ನೆಲಕ್ಕಿಂತ ಹಸಿ ನೆಲ ಕಾವು ಹಿಡಿಯುತ್ತದಂತೆ. ಆಮೇಲೆ ಕಣಿಕೆಯಿಂದ ಒಂದು ಪುಟ್ಟ ಗುಡಿಸಲು ಕಟ್ಟಿ ತೋರಿಸಿದಳು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಪಾಂಡವರನ್ನು ಕೂರಿಸಿ ಪೂಜೆ ಮಾಡಲು ಕಟ್ಟುತ್ತೇವಲ್ಲ, ಅಂಥದ್ದೇ. ದಂಟು ಎಲೆಗೆ ತಾಗಬಾರದು. ಬೆನ್ನು ಬಡಗಣ ಗಾಳಿಗೆ, ಬಾಗಿಲು ಮೂಡಲಕ್ಕೆ. ಸಂಜೆ ಬಾಗಿಲಿಗೆ ಒಂದು ಸಿವುಡು ಅಡ್ಡ ಇಟ್ಟು, ಬಿಸಿಲು ಬಂದ ಮೇಲೆ ತೆಗೆಯಬೇಕು.

ನಮ್ಮ ಬಣವೆಯ ಕಣಿಕೆ ದನಕ್ಕೇ ಸಾಲುತ್ತಿರಲಿಲ್ಲ. "ಮನಿಮನಿಗಿ ಹೋಗಿ ಕೇಳು," ಎಂದಳು.

"ನೀವೇ ಕೇಳಿ ಕೊಡಸ್ರಿ ಆಯಿ."

"ಗಿಡ ನಿನ್ವೋ ನನ್ವೋ? ಬಾಯಿ ಅದನೋ ಇಲ್ಲೋ ನಿನಗ?"

ಮೊದಲ ಮನೆಯ ಬಾಗಿಲಲ್ಲಿ ನಿಂತು, ಏನೂ ಹೇಳಲಾಗದೆ, ಅವರು ಕೊಟ್ಟ ನೀರು ಕುಡಿದು ಬಂದೆ. ಮುಂದಿನ ಮನೆಯಲ್ಲಿ ಕೇಳಿದೆ. ಕೊಟ್ಟರು. ಹೊಲದ ತುಂಬ ಗುಡಿಸಲು ಎದ್ದಾಗ ದಾರಿಹೋಕನೊಬ್ಬ ನಿಂತು ನಕ್ಕ. "ಪಾಂಡವ್ರು ಐದ ಮಂದಿ ಅಲ್ಲೇನ್ರಿ? ಇಲ್ಲಿ ಊರೇ ಕುಂತಂಗ ಅದ!"

"ಕೌರವ್ರನೂ ಕೂಡ್ಸೀವಿ. ಒಂದ ಜಾಗ ಖಾಲಿ ಅದ, ನೀನೂ ಬಾ ಲೇ!" ಎಂದಳು ಆಯಿ.

ಶಿವರಾತ್ರಿಗೆ ಇನ್ನೂ ದಿನ ಇದ್ದಾಗಲೇ ಒಂದು ಬೆಳಿಗ್ಗೆ ಭಾವ ಟ್ರ್ಯಾಕ್ಟರ್ ತಂದರು. ಆ ವಾರದ ಚಳಿಗೆ ಗುಡಿಸಲೊಳಗಿನ ಸಸಿಗಳೂ ಎಲೆ ಉದುರಿಸಿ ಕಡ್ಡಿಯಾಗಿದ್ದವು. "ಎಲ್ಲಾ ಹೋಗ್ಯಾವ. ನೇಗಿಲ ಇಳಸು," ಎಂದು ಡ್ರೈವರನಿಗೆ ಹೇಳಿದರು. ನಾನು ಆಯಿಯ ಕಡೆ ನೋಡಿದೆ. ಊರಿಗೆಲ್ಲ ಉತ್ತರ ಕೊಡುವ ಆಯಿ ಅವತ್ತು ಮುಖವನ್ನು ಹಳ್ಳದ ಕಡೆ ತಿರುಗಿಸಿಕೊಂಡು ತಂಬಾಕು ಅಗಿಯುತ್ತ ನಿಂತಿದ್ದಳು. ಆಕೆ ಬಾಯಿ ತೆರೆಯುವುದಿಲ್ಲ ಎಂದು ನನಗೆ ಗೊತ್ತಾಯಿತು.

ನಾನು ಟ್ರ್ಯಾಕ್ಟರ್ ಮುಂದೆ ಹೋಗಿ ನಿಂತೆ. ಒಂದು ಸಸಿಯ ತೊಗಟೆಯನ್ನು ಉಗುರಿನಿಂದ ಕೆರೆದೆ. ಒಳಗೆ ತೆಳ್ಳಗೆ ಹಸಿರು ಗೆರೆ ಕಂಡಿತು.

"ಶಿವರಾತ್ರಿ ಇನ್ನಾ ಬಂದಿಲ್ರಿ," ಎಂದೆ. "ಇದು ಹಸೀ ಅದರಿ. ನಾ ಸರಿಯಂಗಿಲ್ಲ."

ಭಾವ ಬೇರೆ ಕಡೆ ನೋಡಿದರು. ನನ್ನೊಡನೆ ಮಾತಾಡುವ ರೂಢಿ ಅವರಿಗೂ ಇಲ್ಲವಲ್ಲ. ಡ್ರೈವರನಿಗೇ ಹೇಳಿದರು: "ಶಿವರಾತ್ರಿ ಇನ್ನಾ ಬಂದಿಲ್ಲಂತ. ಗಾಡಿ ಹೊಳ್ಳಸು."

ಟ್ರ್ಯಾಕ್ಟರ್ ಸದ್ದು ದೂರವಾದ ಮೇಲೆ ಆಯಿ ಬಾಯಲ್ಲಿದ್ದದ್ದನ್ನು ಉಗುಳಿ ಬಂದಳು. "ಇಷ್ಟ ಮಾತಾಡಾಕ ಇಷ್ಟ ದಿನ ಬೇಕಾತೇನು ಬೇ ನಿನಗ?" ಎಂದಳು. ಆಕೆಯ ಕಣ್ಣು ತುಂಬಿತ್ತು.

ಶಿವರಾತ್ರಿಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಸಸಿ ಚಿಗುರಿದವು. ಸತ್ತವುಗಳ ಜಾಗದಲ್ಲಿ ಮತ್ತೆ ನೆಟ್ಟೆ. ಭಾವ ಮತ್ತೆ ಕಬ್ಬಿನ ಮಾತು ಎತ್ತಲಿಲ್ಲ. ನಿಮ್ಮ ಅವ್ವ ಆ ಗಿಡಗಳ ನೆರಳಲ್ಲೇ ಓದಿ ದೊಡ್ಡವಳಾದಳು.

ಕೊನೆಗಾಲಕ್ಕೆ ಆಯಿ ಜೇವರ್ಗಿ ಕಡೆ, ಅಂದೋಲಾದಲ್ಲಿದ್ದ ಮಗಳ ಮನೆಗೆ ಹೋದಳು. ಹೋದ ವರ್ಷ ತೀರಿಕೊಂಡ ಸುದ್ದಿ ಬಂತು. ಒಬ್ಬಳೇ ಬಸ್ಸು ಬದಲಿಸಿಕೊಂಡು ಹೋದೆ. ಅಂಗಳದ ತುಂಬ ಗುರುತಿಲ್ಲದ ಮಂದಿ. "ನೀವು ಏನಾಗ್ಬೇಕ್ರಿ ಆಯಿಗಿ?" ಎಂದು ಬಾಗಿಲಲ್ಲಿ ಒಬ್ಬರು ಕೇಳಿದರು. ಮೊದಲಿನ ನಾನಾಗಿದ್ದರೆ ಅಲ್ಲಿಂದಲೇ ತಿರುಗುತ್ತಿದ್ದೆ.

"ಬಾಜೂ ಹೊಲದಾಕಿ ಇದ್ದೀನ್ರಿ. ಮಾರಿ ನೋಡ್ಬೇಕು, ಜರಾ ದಾರಿ ಬಿಡ್ರಿ," ಎಂದೆ. ಬಿಟ್ಟರು...

ಆಕೆಯ ಹೊಲದಲ್ಲಿ ಈಗ ಬೇರೆಯವರ ತೊಗರಿ ಇದೆ. ಈ ಚಳಿಗೂ ನಾನು ಹೊಸ ಸಸಿಗಳಿಗೆ ಗುಡಿಸಲು ಕಟ್ಟಿದ್ದೇನೆ. ನನ್ನ ಬೆರಳು ಮೊದಲಿನಂತೆ ಬಗ್ಗುವುದಿಲ್ಲ, ಗಂಟು ಸಡಿಲಾಗುತ್ತದೆ. ಬೈಯಲು ಬದುವಿನ ಆಚೆ ಯಾರೂ ಇಲ್ಲ. ನಾನೇ ಬಿಚ್ಚಿ ಮತ್ತೆ ಕಟ್ಟುತ್ತೇನೆ. ಬಿಸಿಲು ಅಂಗಳಕ್ಕೆ ಇಳಿದಿದೆ. ಏಳುತ್ತೇನೆ ಮಕ್ಕಳೇ, ಸಸಿಗಳ ಬಾಗಿಲು ತೆಗೆಯಬೇಕು.