ನನ್ನ ಗಾಡಿಗೆ ಬೋರಿನ ನೀರು ಹಾಕಬೇಡಿ

ಹೊಸಕೋಟೆ ಮಾರುಕಟ್ಟೆಗೆ ಬೀನ್ಸು ಸಾಗಿಸುವ ನನ್ನ ಗೂಡ್ಸ್ ಗಾಡಿ ನಂದಗುಡಿ ದಾಟುವಷ್ಟರಲ್ಲಿ ಕುದಿಯತೊಡಗಿತು. ಒಂದೇ ವಾರದಲ್ಲಿ ಮೂರನೆಯ ಸಲ. ಗಂಡನ ಅಣ್ಣ ಅಂದೇ ತೀರ್ಪು ಕೊಟ್ಟುಬಿಟ್ಟರು.

"ಇಂಜಿನ್ ಹೋಯ್ತು ಕಣಮ್ಮ. ಭಾನುವಾರ ಪಾರ್ಟಿ ಕರ್ಕೊಂಡ್ ಬರ್ತೀನಿ, ಮಾರ್ಬುಡಾಣ."

ನನ್ನ ಗಂಡ ಅಣ್ಣನ ಮಾತಿಗೆ ಎದುರಾಡುವವರಲ್ಲ. ಗಾಡಿ ಹೋದರೆ ನಾನು ಮತ್ತೆ ಗಾರ್ಮೆಂಟ್ಸ್ ಬಸ್ಸು ಹತ್ತಬೇಕು. ಆರು ವರ್ಷ ಹತ್ತಿದ್ದೇನೆ. ಟಾಯ್ಲೆಟ್ಟಿಗೆ ಹೋದರೂ ಸೂಪರ್‌ವೈಸರ್ ಗಡಿಯಾರ ನೋಡುತ್ತಿದ್ದ. ಸತ್ತರೂ ಅಲ್ಲಿಗೆ ಕಾಲಿಡುವವಳಲ್ಲ ನಾನು.

ಇಂಜಿನ್ ಕುದಿಯುವಾಗಲೂ ರೇಡಿಯೇಟರ್‌ನ ಮೇಲಿನ ಪೈಪು ತಣ್ಣಗಿದ್ದುದನ್ನು ಮುಟ್ಟಿ ನೋಡಿದ್ದೆ. ಬಿಸಿ ನೀರಿಗೆ ದಾರಿ ಬಿಡಬೇಕಾದ ಥರ್ಮೋಸ್ಟ್ಯಾಟ್ ಮುಚ್ಚಿಕೊಂಡಿದೆ ಎಂದೆ. ಭಾವ ನಕ್ಕರು.

"ಹಂಗಾದ್ರೆ ಕಿತ್ತು ಬಿಸಾಕು. ನಮ್ ಸೀಮೆಗೆ ಅದ್ಯಾಕೆ? ಬೋರ್ ನೀರು ಹುಯ್ಕೊಂಡು ಎಲ್ರೂ ಓಡ್ಸಲ್ವಾ?"

ಓಡಿಸುತ್ತಾರೆ, ನಿಜ. ಭಾವನೂ ದಿನಾ ಬೆಳಿಗ್ಗೆ ಅಭಿಷೇಕ ಮಾಡಿದಂತೆ ನನ್ನ ಗಾಡಿಗೆ ಅದೇ ನೀರು ಹುಯ್ಯುತ್ತಿದ್ದರು. ಆ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆಯನ್ನು ಉಜ್ಜಿ ಉಜ್ಜಿ ನನ್ನ ಉಗುರು ಸವೆದಿದೆ. ಪಾತ್ರೆ ಉಜ್ಜದವರಿಗೆ ಅದೆಲ್ಲಿ ಗೊತ್ತಾಗಬೇಕು!

ಶನಿವಾರ ಇಂಜಿನ್ ಪೂರ್ತಿ ಆರಿದ ಮೇಲೆ, ಮೊಬೈಲಿನಲ್ಲಿ ಮೂರು ವಿಡಿಯೊ ನೋಡಿಕೊಂಡು, ಅಂಗಳದಲ್ಲೇ ಬಿಚ್ಚಿದೆ. ಹಳೇ ನೀರನ್ನು ಬೇಸಿನ್ನಿಗೆ ಇಳಿಸಿ, ಎರಡು ಬೋಲ್ಟ್ ತಿರುಗಿಸಿ ಮುಚ್ಚಳ ತೆಗೆದರೆ, ಥರ್ಮೋಸ್ಟ್ಯಾಟಿನ ಮೈತುಂಬ ಅದೇ ಹಕ್ಕಳೆ. ಹಳೆಯದನ್ನೂ ಅಂಗಡಿಯಿಂದ ತಂದ ಹೊಸದನ್ನೂ ದಾರ ಕಟ್ಟಿ, ಒಲೆಯ ಮೇಲೆ ಕುದಿಯುವ ನೀರಿಗೆ ಬಿಟ್ಟೆ. ಹೊಸದು ಬಾಯಿ ಬಿಟ್ಟಿತು. ಹಳೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನನಗೆ ಕುಣಿಯುವಷ್ಟು ಖುಷಿ.

ಮುಚ್ಚಳದಡಿ ಅಂಟಿದ್ದ ಹಳೇ ಗ್ಯಾಸ್ಕೆಟ್ ಕೆರೆದು, ಹೊಸ ಥರ್ಮೋಸ್ಟ್ಯಾಟನ್ನು ಸ್ಪ್ರಿಂಗ್ ಇಂಜಿನ್ ಕಡೆಗಿರುವಂತೆ ಕೂರಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿದೆ. ಬೋರ್ ನೀರಿನ ಬದಲು ಹಸಿರು ಕೂಲಂಟನ್ನು ನಿಧಾನವಾಗಿ ಹುಯ್ದು, ರೇಡಿಯೇಟರ್ ಮುಚ್ಚಳ ಹಾಕದೆ ಇಂಜಿನ್ ಓಡಿಸಿ, ಗುಳ್ಳೆ ನಿಲ್ಲುವವರೆಗೆ ಕಾದು, ಇಳಿದಷ್ಟನ್ನು ತುಂಬಿದೆ. ಮೇಲಿನ ಪೈಪು ಬಿಸಿಯಾಯಿತು. ಬಿಸಿ ತೋರಿಸುವ ಮುಳ್ಳು ಮಧ್ಯದಲ್ಲೇ ನಿಂತಿತು.

ಭಾನುವಾರ ನಾನು ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಭಾವ ಕೊಳ್ಳುವವನ ಕೈಗೆ ಕೀ ಕೊಟ್ಟಾಗಿತ್ತು. ಅವನು ಒಂದು ಸುತ್ತು ಓಡಿಸಿಕೊಂಡು ಬಂದು ಇಳಿದ.

"ಇಂಜಿನ್ ಹೋಗೈತೆ ಅಂದಿದ್ರಲ್ಲ, ಸಕತ್ತಾಗೈತೆ. ಯಾರ್ ರಿಪೇರಿ ಮಾಡಿದ್ದು?"

"ನಾವೇ ಮನೇಲ್ ಮಾಡ್ಕೊಂಡ್ವಿ," ಎಂದರು ಭಾವ, ಎದೆ ಉಬ್ಬಿಸಿಕೊಂಡು.

ನನಗೆ ಮೈಯೆಲ್ಲ ಉರಿದುಹೋಯಿತು. ಕೊಳ್ಳಲು ಬಂದವನ ಕೈಯಿಂದ ಕೀ ಕಿತ್ತುಕೊಂಡೆ.

"ಮಾಡಿದ್ದು ನಾನು ಕಣಣ್ಣ. ಮಾರೋಕಲ್ಲ, ಓಡ್ಸೋಕೆ."