ಮಾವನ ಟೊಪ್ಪಿಗೆಯ ಮೇಲೆ ಬೆಂಡೆಕಾಯಿ ಹೂವು

ಗೆಳೆಯರೇ, ನಗು ತಡೆಯಲಾಗದೆ ಬರೆಯುತ್ತಿದ್ದೇನೆ! ಇವತ್ತು ಬೆಳಿಗ್ಗೆ ಐದು ವರ್ಷದ ಮಗಳಿಗೆ ಅಚ್ಚು ಒತ್ತುವುದನ್ನು ಕಲಿಸಿದೆ. ಅಡ್ಡ ಕತ್ತರಿಸಿದ ಬೆಂಡೆಕಾಯಿಯನ್ನು ಬೀಟ್‌ರೂಟ್ ರಸದಲ್ಲಿ ಅದ್ದಿ ಒತ್ತಿದರೆ ಸಾಕು, ಕೆಂಪು ಹೂವು! ಕಾಗದ ಮುಗಿದಾಗ ಅವಳ ಕಣ್ಣಿಗೆ ಬಿದ್ದದ್ದು ನಮ್ಮ ಮಾವನ ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆ. ಅವರು ಮೈದುನನಿಗೆ ಹೆಣ್ಣು ನೋಡಲು ನಿಪ್ಪಾಣಿಗೆ ಹೊರಟಿದ್ದರು.

"ಏನ್ ಮಾಡಿಟ್ಟಿಯವ್ವಾ ಇದು! ಬೀಗರ ಮುಂದ ಹೆಂಗ ಕುಂದರ್ಲಿ?" ಎಂದು ಮಾವ ಕೂಗಿದರು.

"ತಡಿ ಅಜ್ಜಾ, ಹಿಂದ ಇನ್ನೂ ಖಾಲಿ ಐತಿ," ಎಂದಳು ಮಗಳು.

ಬೇರೆ ಟೊಪ್ಪಿಗೆ ಒಣಗಿರಲಿಲ್ಲ. ಆ ಹೂವಿನ ಟೊಪ್ಪಿಗೆಯನ್ನೇ ಹಾಕಿಕೊಂಡು ಹೋದರು.

ಸಂಜೆ ಬಂದವರೇ ಚೀಲದಿಂದ ಇನ್ನೊಂದು ಬಿಳಿ ಟೊಪ್ಪಿಗೆ ತೆಗೆದು ಮೊಮ್ಮಗಳ ಮುಂದಿಟ್ಟರು. "ಇದು ಹೆಣ್ಣಿನ ಅಪ್ಪಾರದು. ಎರಡೂ ಬಾಜು ಹೂವ ಒತ್ತಂತ ಹೇಳ್ಯಾರ."

"ಹುಡುಗಿ ಹೆಂಗದಾಳ್ರಿ?" ಎಂದು ಅತ್ತೆ ಮೂರು ಸಲ ಕೇಳಿದರು. ಮಾವ ಬೆಂಡೆಕಾಯಿ ಕತ್ತರಿಸುವುದರಲ್ಲಿ ಮುಳುಗಿದ್ದರು.