ಗಾಜು ಏರಿಸಿದ ಜೀಪಿನಲ್ಲಿ ಒಂದು ಸೀಸನ್

ಕೆಮ್ಮಿದೆ. ಕರವಸ್ತ್ರ ಕೆಂಪಾಯಿತು. ಮಡಚಿ ಜೇಬಿಗಿಟ್ಟು ಮತ್ತೆ ಚೆಂಡು ಹಿಡಿದೆ.

ಈಗ ಇದನ್ನು ಕೇಳಿದವರು ಹಣೆ ಚಚ್ಚಿಕೊಳ್ಳುತ್ತಾರೆ. ಆದರೆ ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ಯಶವಂತನಗರದಲ್ಲಿ ಯಾರ ಕರವಸ್ತ್ರ ಕೆಂಪಾಗಿರಲಿಲ್ಲ, ಹೇಳಿ? ಅದಿರಿನ ಲಾರಿಗಳು ನಮ್ಮ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಬೇಲಿ ಸವರಿಕೊಂಡೇ ಹೋಗುತ್ತಿದ್ದವು. ಉಗುಳಿದರೆ ಕೆಂಪು, ಮೂಗು ಒರೆಸಿದರೆ ಕೆಂಪು. ದೂಳು ಅಂದುಕೊಂಡೆ.

ಗಣಿ ಕಂಪನಿ ನಮ್ಮನ್ನು ಆಡಲಿಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ಹಾಜರಿ ಆಫೀಸಿನಲ್ಲಿ, ಕೆಲಸ ಕೋರ್ಟಿನಲ್ಲಿ. ದಸರಾ ಮುಗಿದು ಕಂಪನಿ ತಂಡಗಳ ಲೀಗ್ ಶುರುವಾಯಿತೆಂದರೆ ಯುಗಾದಿವರೆಗೆ ಜೀಪಿನಲ್ಲೇ ಸಂಸಾರ. ಇವತ್ತು ಹೊಸಪೇಟೆ, ನಾಳಿದ್ದು ಕಂಪ್ಲಿ. ನಾನು ಕ್ಯಾಪ್ಟನ್. ಎತ್ತರ ನೋಡಿ ಎಲ್ಲರೂ ಕಂಬ ಎಂದು ಕರೆಯುತ್ತಿದ್ದರು. ಆ ಸೀಸನ್ನಿನಲ್ಲಿ ಕಂಬಕ್ಕೆ ಒಳಗೊಳಗೇ ಗೆದ್ದಲು ಹತ್ತಿತ್ತು. ಚಡ್ಡಿ ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ. ಸಂಜೆಯಾದರೆ ಜ್ವರ. ಆದರೂ ಆಡಿದೆ.

ಕಂಡುಹಿಡಿದವಳು ನನ್ನ ಹೆಂಡತಿ ಗಿರಿಜಾ. ಬಕೆಟ್ಟಿನಲ್ಲಿ ನೆನೆಸಿದ ಕರವಸ್ತ್ರವನ್ನು ಎತ್ತಿ ಹಿಡಿದು ನನ್ನ ಮುಂದೆ ನಿಂತಳು.

"ಇದು ದೂಳಲ್ಲರೀ. ದೂಳು ತಳಕ್ಕ ಕುಂದ್ರತೈತಿ. ಇದು ನೀರಾಗ ಹರಡೈತಿ ನೋಡ್ರಿ."

ಹೊಸಪೇಟೆಯಲ್ಲಿ ಎಕ್ಸ್‌ರೇ ಆಯಿತು. ಕಫ ಪರೀಕ್ಷೆ ಆಯಿತು.

ಟಿಬಿ. ಪಾಸಿಟಿವ್.

ಡಾಕ್ಟರು ನನ್ನ ಮುಖ ನೋಡದೆ ಕೇಳಿದರು: "ನಿಮ್ಮ ಜತಿ ಮುಚ್ಚಿದ ಜಾಗದಾಗ ಭಾಳ ಹೊತ್ತು ಯಾರು ಇರ್ತಾರ? ಅವರಾಗ ಕೆಮ್ಮು ಇದ್ದೋರು ಅದಾರೇನು?"

ಜೀಪು ನೆನಪಾಯಿತು. ದೂಳು ಬರಬಾರದೆಂದು ನಾವು ಗಾಜುಗಳನ್ನೆಲ್ಲ ಏರಿಸಿ, ಸಂದುಗಳಿಗೆ ಟವೆಲ್ ತುರುಕಿ ಹೋಗುತ್ತಿದ್ದೆವು. ಗಾಜು ಒಂದು ಬೆರಳು ಇಳಿಸಿದವನಿಗೂ ಬೈಗುಳ ತಪ್ಪುತ್ತಿರಲಿಲ್ಲ. ಹೊರಗಿನ ದೂಳಿಗೆ ಹೆದರಿ ಒಳಗೆ ಒಬ್ಬರ ಉಸಿರನ್ನೊಬ್ಬರು ಕುಡಿದಿದ್ದೆವು. ಉಡಿಯಲ್ಲಿ ಕೆಂಡ ಕಟ್ಟಿಕೊಂಡು ಮಳೆಗೆ ಹೆದರಿದಂತೆ ಎನ್ನುತ್ತಿದ್ದಳು ನಮ್ಮಜ್ಜಿ. ನನ್ನ ಮಗ್ಗುಲಲ್ಲೇ ಕೂರುತ್ತಿದ್ದವನು ಚೋರನೂರಿನ ರುದ್ರೇಶ. ಅವನೂ ಕೆಮ್ಮುತ್ತಿದ್ದ.

ಗಿರಿಜಾ, ಮಗಳು ಇಬ್ಬರಿಗೂ ಪರೀಕ್ಷೆಯಾಯಿತು. ಅವರಿಗೆ ರೋಗ ಇರಲಿಲ್ಲ. ಆಮೇಲೆ ನೇರ ತಂಡದ ಮ್ಯಾನೇಜರನ ಹತ್ತಿರ ಹೋದೆ. ಹುಡುಗರಿಗೆಲ್ಲ ಎಕ್ಸ್‌ರೇ ಮಾಡಿಸಿ ಅಂದೆ. ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ನನ್ನಿಂದ ದೂರಕ್ಕೆ.

"ಸೆಮಿಫೈನಲ್ ಮುಂದಿಟ್ಟುಕೊಂಡು? ಟಿಬಿ ಟೀಮಂತ ಗೊತ್ತಾದ್ರ ಯಾರು ಆಡ್ತಾರ ನಮ್ಮ ಜತಿ? ನಿಂಗ ಕಾಮಾಲೆ ಅಂತ ಹೇಳೇನಿ. ಮನ್ಯಾಗ ಸುಮ್ಮನ ಬಿದ್ದುಕೋ."

ಬಿದ್ದುಕೊಂಡೆ. ಸಂಡೂರಿನ ಆಸ್ಪತ್ರೆಗೆ ದಿನ ಬಿಟ್ಟು ದಿನ ಹೋಗಿ ಸಿಸ್ಟರ್ ಎದುರಿಗೇ ಮಾತ್ರೆ ನುಂಗಿ ಬರುತ್ತಿದ್ದೆ. ನುಂಗಿದ್ದೆಲ್ಲ ವಾಂತಿಯಾಗಿ ಬರುವಂತೆ ಹೊಟ್ಟೆ ತೊಳಸುತ್ತಿತ್ತು. ಧೈರ್ಯ ಹೇಳಲು ಬಂದವರನ್ನು ಕಂಡರೆ ಮೈ ಉರಿಯುತ್ತಿತ್ತು. ಫೋನಿನಲ್ಲಿ ರುದ್ರೇಶನಿಗೆ ಎಷ್ಟು ಸಲ ಹೇಳಿದೆನೋ. "ದೂಳಿನ ಕೆಮ್ಮಲೇ," ಎಂದು ಇಟ್ಟುಬಿಡುತ್ತಿದ್ದ. ನನ್ನ ಜಾಗಕ್ಕೆ ಅವನನ್ನೇ ಕ್ಯಾಪ್ಟನ್ ಮಾಡಿದ್ದರು.

ಸೆಮಿಫೈನಲ್ ದಿನ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊಸಪೇಟೆಯ ಮೈದಾನಕ್ಕೆ ಹೋದೆ. ಹುಡುಗರು ವಾರ್ಮಪ್ ಮಾಡುತ್ತಿದ್ದರು. ರುದ್ರೇಶ ಒಂದು ಸುತ್ತು ಓಡಿ ಮೊಣಕಾಲಿಗೆ ಕೈಯೂರಿ ನಿಂತಿದ್ದ. ಗೆರೆಯಾಚೆ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದೆ.

"ನಂಗ ಆಗಿದ್ದು ಕಾಮಾಲೆ ಅಲ್ಲ, ಟಿಬಿ! ಆ ಜೀಪಿನಾಗ ಕುಂತೋರೆಲ್ಲ ತೋರಿಸಿಕೊಳ್ರಿ!"

ರುದ್ರೇಶ ಪಕ್ಕದವನ ಕೈಯ ಚೆಂಡನ್ನು ಕಿತ್ತು ನೆಲಕ್ಕೆ ಕುಕ್ಕಿ ನನ್ನತ್ತ ಬಂದ. "ನಿನ್ನ ಕಾಲು ಬಿದ್ದಹೋದ್ವು ಅಂತ ನಮ್ಮ ಕಾಲು ಮುರೀತೀಯೇನಲೇ? ಹೊಟ್ಟೆಕಿಚ್ಚಿನ..." ಮುಂದಿನ ಮಾತು ಕೆಮ್ಮಿನಲ್ಲಿ ಹೋಯಿತು. ಬಗ್ಗಿದವನಿಗೆ ಬಹಳ ಹೊತ್ತು ನೆಟ್ಟಗೆ ನಿಲ್ಲಲಾಗಲಿಲ್ಲ.

ಎದುರಿನ ತಂಡದವರು ಚೀಲ ಹೆಗಲಿಗೇರಿಸಿಕೊಂಡು ಹೊರಟರು. ಪಂದ್ಯ ನಡೆಯಲಿಲ್ಲ. ಮ್ಯಾನೇಜರ್ ನನ್ನ ಕೊರಳಪಟ್ಟಿಗೆ ಕೈ ಹಾಕಲು ಬಂದು, ನೆನಪಾಗಿ, ಕೈ ಹಿಂದಕ್ಕೆ ತಗೊಂಡ. ಮುಟ್ಟದೆ ಬೈದ. ಆ ಹೊತ್ತಿಗೆ ನನ್ನ ರೋಗವೇ ನನಗೆ ಕಾವಲು.

ಊರ ಬಾಯಿಗೆ ಬಿದ್ದಮೇಲೆ ಕಂಪನಿಗೆ ಬೇರೆ ದಾರಿಯಿರಲಿಲ್ಲ. ಎಲ್ಲರಿಗೂ ಎಕ್ಸ್‌ರೇ ಆಯಿತು. ಸಿಕ್ಕಿದ್ದು ಒಬ್ಬನಿಗೆ, ರುದ್ರೇಶನಿಗೆ. ಡಾಕ್ಟರು ಅವನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇನ್ನೊಂದಿಷ್ಟು ತಡ ಆಗಿದ್ರ..." ಎಂದು ಅಲ್ಲಿಗೇ ಬಿಟ್ಟರು.

ಯುಗಾದಿಗೆ ಮೊದಲೇ ಕಂಪನಿ ತಂಡವನ್ನು ಮುಚ್ಚಿತು. ಹುಡುಗರಿಗೆ ನಾನು ಮನೆಮುರುಕ. ಎದುರು ಸಿಕ್ಕರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಕ್ವಾರ್ಟರ್ಸಿನ ಹೋಟೆಲಿನವನು ನನ್ನ ಲೋಟವನ್ನೇ ಬೇರೆ ಮಾಡಿದ. ಇದು ಲೋಟದಿಂದ ಹರಡುವ ರೋಗವಲ್ಲ ಎಂದು ತಿಳಿಹೇಳಿದೆ. ಅವನು ನನ್ನ ಮಾತನ್ನೂ ಬೇರೆ ಇಟ್ಟ.

ರುದ್ರೇಶನೂ ಸಂಡೂರಿನ ಆ ಆಸ್ಪತ್ರೆಗೇ ಬರತೊಡಗಿದ. ಹೊರಗಿನ ಬೇವಿನ ಮರದಡಿಯ ಬೆಂಚಿನಲ್ಲಿ ಈ ತುದಿಗೆ ನಾನು, ಆ ತುದಿಗೆ ಅವನು. ನಾನು ಅವನ ಕೆಮ್ಮನ್ನಷ್ಟೇ ಕೇಳುತ್ತಾ ಕೂರುತ್ತಿದ್ದೆ, ಅಮ್ಮಂದಿರು ಪಕ್ಕದ ಕೋಣೆಯ ಕೂಸಿನ ಉಸಿರು ಕೇಳುವ ಹಾಗೆ. ತಿಂಗಳುಗಳು ಹೋದವು. ನನ್ನ ಕೋರ್ಸ್ ಮುಗಿಯಿತು. ಕಫ ನೆಗೆಟಿವ್ ಬಂತು. ಓಡಿದರೆ ಈಗಲೂ ಎದೆ ಹಿಡಿಯುತ್ತದೆ, ಇನ್ನು ಆಡಲಾರೆ. ಅದನ್ನು ಒಪ್ಪಿಕೊಳ್ಳುವುದಕ್ಕೆ ಮಾತ್ರೆಗಿಂತ ಹೆಚ್ಚು ಕಾಲ ಬೇಕಾಯಿತು.

ಆಮೇಲೊಂದು ದಿನ ಮತ್ತೆ ಹೋಗಿದ್ದೆ, ಸುಮ್ಮನೆ. ರುದ್ರೇಶ ಕೊನೆಯ ಮಾತ್ರೆಗಳನ್ನು ನುಂಗಿ ಹೊರಬಂದ. ಕೆನ್ನೆ ತುಂಬಿತ್ತು. ನನ್ನನ್ನು ಕಂಡದ್ದೇ ತಡ, ಬೈಯಲು ಶುರುಹಚ್ಚಿಕೊಂಡ.

"ಮತ್ತ ಬಂದೇನಲೇ ಕಂಬ? ಸೀಸನ್ ತಿಂದಿ, ಟೀಮ್ ತಿಂದಿ, ನೌಕರಿ ತಿಂದಿ, ಇನ್ನೇನು ಉಳಿದೈತಿ ತಿನ್ನಾಕ..." ಅಲ್ಲಿಂದ ನಮ್ಮಪ್ಪ, ನಮ್ಮಜ್ಜ, ಮ್ಯಾನೇಜರ್, ಗಣಿ, ಲಾರಿ, ಸರಕಾರ, ಯಾರನ್ನೂ ಬಿಡಲಿಲ್ಲ. ಸಿಸ್ಟರ್ ಕಿಟಕಿಯಿಂದ ಇಣುಕಿ, "ಇದು ಆಸ್ಪತ್ರಿರೀ, ಸಣ್ಣಗ ಬೈರಿ," ಅಂದರು. ಅವನು ಕೇಳಲಿಲ್ಲ. ಮೆಟ್ಟಿಲಿಳಿದ, ಗೇಟು ದಾಟಿದ, ಬಸ್ಸು ಹತ್ತುವವರೆಗೂ ಬೈದ.

ನಾನು ಉಸಿರು ಬಿಗಿಹಿಡಿದು ಕೇಳಿದೆ. ಅಷ್ಟುದ್ದದ ಬೈಗುಳದಲ್ಲಿ ಅವನು ಒಮ್ಮೆಯೂ ಕೆಮ್ಮಲಿಲ್ಲ.